ಮನೆಬಳಕೆ, ಇತರೆ

ಡಬ್ಬಿಯ ಮೇಲೆ ಯಾರೋ ಚೀಟಿ ಅಂಟಿಸಿದ್ದರು:
ಮನೆಬಳಕೆ, ಇತರೆ.
ಒಳಗೆ ಕ್ರೋಶಾ ಕಡ್ಡಿ ಎರಡು, ಕಲೆಬಿದ್ದ ಅಡುಗೆಪುಸ್ತಕ,
ನುಸಿ ತಿಂದು ಮಿಗಿಸಿದ ಕೆಂಪು ಉಣ್ಣೆಯ ಉಂಡೆ,
ಎಳೆಗೂಸಿನ ತಲೆಯಷ್ಟು ದಪ್ಪ.

ಟರ್ನ್‌ಸ್ಟೋನ್ ಕೊಲ್ಲಿಯ ಈ ಪುಟ್ಟ ಮ್ಯೂಸಿಯಮ್ಮಿನಲ್ಲಿ
ಧೂಳು ಹೊಡೆಯುವುದು ನನ್ನ ಪಾಲು,
ಗುರುವಾರ ಮಾತ್ರ, ಸಂಬಳವಿಲ್ಲ.
ಇದನ್ನು ಎಸೆದುಬಿಡಿ ಅಂದರು.
ಎಸೆಯುವ ಮುನ್ನ ತುದಿ ಹಿಡಿದು ಎಳೆದೆ.

ಗಂಟು.
ಏಳು ಮಾರು ಬರೀ ನೂಲು, ಮತ್ತೆ ಗಂಟು.
ಎಂಟು ಮಾರು, ಗಂಟು.
ಉಂಡೆ ಉರುಳಿ ಹೊಸಿಲು ದಾಟಿತು,
ಅಂಚೆಕಚೇರಿ ದಾಟಿತು, ಮುಚ್ಚಿದ ಮರಗಿರಣಿಯ ಗೇಟು ದಾಟಿತು.
ಮಂಜಿನಲ್ಲಿ ಲಾರಿ ನಿಲ್ಲಿಸಿ ಒಬ್ಬ ಕೇಳಿದ:
ಬೆಕ್ಕು ಕಳೆದಿದೆಯಾ?
ಮೂವತ್ತೊಂದು ಗಂಟು. ಸೇತುವೆಯ ಹತ್ತಿರ ಮುಗಿಯಿತು.

ಲೆಕ್ಕ ಅಡುಗೆಪುಸ್ತಕದಲ್ಲಿತ್ತು,
ಶುಂಠಿ ಕೇಕಿನ ಬೆನ್ನಿಗೆ, ಪೆನ್ಸಿಲಿನಲ್ಲಿ:
ಹದಿನೇಳನೆಯ ರೆಡ್‌ವುಡ್. ಸುತ್ತಳತೆ ನಲವತ್ತೆಂಟು ಅಡಿ.
ಬುಡದಲ್ಲಿ ಸುಟ್ಟ ಪೊಟರೆ. ಒಳಗೆ ಹಸು ಕರುಹಾಕಬಹುದು.

ಬರೆದವಳು ಓರ್ಫಾ ಟಟ್ಟಲ್.
ಗಂಡ ಎಲ್ಬ್ರಿಜ್ ಗಿರಣಿಯ ಗುಮಾಸ್ತ;
ಇದೇ ಮರಗಳು ಅವನ ಖಾತೆಯಲ್ಲೂ ಇದ್ದವು,
ಹಲಗೆಗಳಾಗಿ.
ಒಂದೇ ದೀಪದ ಕೆಳಗೆ ಇಬ್ಬರೂ ಲೆಕ್ಕ ಬರೆದರು.
ಏನು ಹೆಣೆಯುತ್ತಿದ್ದೀ, ಎಂದು ಅವನು ತಲೆಯೆತ್ತಿರಬೇಕು.
ಸ್ವೆಟರು, ಅಂದಿರಬೇಕು ಇವಳು.
ಯಾರಿಗೆ, ಎಂದು ಕೇಳಲಿಲ್ಲವೆಂದು ಕಾಣುತ್ತದೆ.

ಹೊಲಿಗೆ ಸಂಘದವರು ಸೇಬಿನ ಪೈ ಮಾರಿದರು,
ಹಳೆಯ ಹ್ಯಾಟು ಮಾರಿದರು,
ರಾಜಧಾನಿಗೆ ನಾನೂರು ಕಾಗದ ಬರೆದರು,
ಮತಪೆಟ್ಟಿಗೆ ಮುಟ್ಟುವ ಹಕ್ಕಿಲ್ಲದ ಕೈಗಳಲ್ಲಿ.
ಸಹಿ ಮಾತ್ರ ಶ್ರೀಮತಿ ಎಲ್ಬ್ರಿಜ್ ಟಟ್ಟಲ್,
ಶ್ರೀಮತಿ ಸೈಲಸ್ ಪೆನ್ನಿಮನ್, ಶ್ರೀಮತಿ ಡಾಕ್ಟರ್ ಹಾಲ್ವರ್ಸನ್.
ಗಂಡನ ಹೆಸರನ್ನು ಶಾಲಿನಂತೆ ಹೊದ್ದುಕೊಂಡು ಹೋದರು.
ಕೊನೆಗೆ ಶಾಲುಗಳಷ್ಟೇ ಉಳಿದವು.

ತೋಪಿನ ಬಾಗಿಲ ಕಂಚಿನ ಫಲಕದಲ್ಲಿ ಏಳು ಗಂಡಸರು.
ಒಬ್ಬ ಗಿರಣಿಯ ಮಾಲೀಕ,
ಕೈತುಂಬ ಬೆಲೆ ಪಡೆದು ಕೊಡಲಿ ಇಳಿಸಿದ ದಾನಿ.
ಇನ್ನೊಬ್ಬ ರೈಲಿನಿಂದಿಳಿದು, ಭಾಷಣ ಮಾಡಿ,
ಇವರ ಪೈ ತಿಂದು, ರೈಲು ಹತ್ತಿದವ.
ಹೆಂಗಸರು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇಲ್ಲಿಗೆ ನಿಂತಿದ್ದರೆ ನನಗೂ ಸುಖವಿತ್ತು.
ಮುರಬ್ಬದ ಪುಟದ ಅಂಚಿನಲ್ಲಿ ಇನ್ನೊಂದು ಸಾಲು:
ಇಂದೂ ಬುಟ್ಟಿಯ ಮುದುಕಿ ದಾರಿ ತೋರಿದಳು.
ಮುಟ್ಟುವ ಮೊದಲು ಒಂದೊಂದು ಮರದ ಹೆಸರು ಹೇಳಿದಳು.
ನನಗೆ ಬರೆದುಕೊಳ್ಳಲು ಬರಲಿಲ್ಲ.

ಮರದ ಹೆಸರು ಬಿಡು ಓರ್ಫಾ,
ಅವಳದು?
ನಿನ್ನ ತೋಪು ಅವಳ ಅಂಗಳವಾಗಿತ್ತಲ್ಲ,
ಜರೀಗಿಡದ ಕಪ್ಪು ದಂಟು ಆರಿಸಿ ಬುಟ್ಟಿಗೆ ಕರೆ ಕಟ್ಟುತ್ತಿದ್ದಳಲ್ಲ,
ಬೇಲಿ ಬಂದ ಮೇಲೆ ಅವಳು ಯಾವ ಗೇಟಿನಿಂದ ಒಳಬಂದಳು?
ಪುಸ್ತಕ ಮುಂದಕ್ಕೆ
ಸೌತೆಯ ಉಪ್ಪಿನಕಾಯಿ ಹಾಕುವ ಕ್ರಮ ಹೇಳುತ್ತದೆ.

ಆ ಭಾನುವಾರ ಒಂದು ತುದಿ ತೊಗಟೆಗೆ ಸಿಕ್ಕಿಸಿ
ಹದಿನೇಳನೆಯದನ್ನು ಬಳಸಿ ಬಂದೆ.
ಪೊಟರೆ ಹಾಗೇ ಇದೆ, ಹಸು ಇಲ್ಲ.
ಗಂಟು ಗಂಟಿಗೆ ಮುಟ್ಟಲಿಲ್ಲ:
ಒಂದು ಮೊಳ, ಮೇಲೊಂದು ಗೇಣು ಕಡಿಮೆ.
ಉಣ್ಣೆ ಕುಗ್ಗಿತೋ ಮರ ಹಿಗ್ಗಿತೋ,
ನೂರು ವರ್ಷದಲ್ಲಿ ಎರಡೂ ಆಗಿರಬಹುದು.
ನೂಲಿಲ್ಲದ ಆ ಜಾಗದಲ್ಲಿ ತೊಗಟೆ ಮಂಜಿಗೆ ಒದ್ದೆಯಾಗಿತ್ತು.
ಅಂಗೈಯಿಟ್ಟೆ. ಏನೂ ಆಗಲಿಲ್ಲ.

ಚೀಟಿ ಕಿತ್ತಿದ್ದೇನೆ.
ಹೊಸದು ಬರೆಯಲು ಕೂತು ಮೂರು ಗುರುವಾರವಾಯಿತು.
ಓರ್ಫಾ ಟಟ್ಟಲ್ ಎಂದು ಬರೆದೆ, ಗಂಡನನ್ನು ಬಿಟ್ಟು.
ಅದರ ಮೇಲೆ ಗೆರೆಯೆಳೆದು
ಒಂದು ಸಾಲು ಖಾಲಿ ಇಟ್ಟೆ.
ಶಾಯಿ ಆರುವ ತನಕ
ಉಂಡೆಯನ್ನು ಮತ್ತೆ ಸುತ್ತುತ್ತ ಕೂತಿದ್ದೇನೆ,
ಬೆರಳಿಗೆ ಕೆಂಪು ಹತ್ತುತ್ತಿದೆ.